ನಮ್ಮ ಓಣಿಗೂ 24×7 ನೀರು ಬಂತಂತ, ಕಂಗ್ರಾಟ್ಸ್ ಹೇಳ್ರಿ

ಅಲ್ರೀ, ಮಂದಿ ಫೋನ್ ಕೈಗೆ ಸಿಕ್ಕತು ಅಂತ ಸೌಂಡ್ ಫುಲ್ ಇಟ್ಟು ಇಡೀ ಹಾಲಿಗೆ ಕೇಳೂಹಂಗ ಹಚ್ಚತಾರೇನು? ಇನ್ನೂ ಕೈ ನಡಗಾಕತ್ತಾವ ನನಗ. ನಾ ಏನ್ ನನ್ನ ಮನಿ ಕೆಲಸಕ್ಕ ಹೋಗಿದ್ನೇನು ಆ ನೀರಿನ ಆಫೀಸಿಗೆ? ನಮ್ಮ ಓಣಿ ಮೂಲಿ ಮ್ಯಾಲಿನ ನೀರಿನ ಪೈಪಿನ ಸಲುವಾಗಿ ಹೋಗಿದ್ದೆ, ರಸ್ತೆ ಅಗದು ಮುಚ್ಚಿದ ಮ್ಯಾಲೆ ಜಾಯಿಂಟ್ ಬಿಟ್ಟದ್ದು. ನೀರು ಬಿಟ್ಟ ದಿನ ಅಲ್ಲಿ ಕಾರಂಜಿ, ನಮ್ಮ ನಳದಾಗ ಬರೇ ಗಾಳಿ. ಕಂಪ್ಲೇಂಟ್ ಕೊಟ್ರ "ಸಮಸ್ಯೆ ಬಗೆಹರಿಸಲಾಗಿದೆ" ಅಂತ ಮೆಸೇಜ್ ಬರತೈತಿ. ಯಾರು ಬಗೆಹರಿಸಿದ್ರು, ಯಾವಾಗ ಬಂದಿದ್ರು, ದೇವರಿಗೇ ಗೊತ್ತು.

ಅದಕ್ಕ ಮಗನ ಕಡೆ ವಿಡಿಯೋ ಮಾಡಿಸಿದ್ದೆ. ಪ್ರೂಫ್ ಐತಿ ಅಂತ ಎದಿ ಉಬ್ಬಿಸಿ ಹೋದೆ. ಕೌಂಟರಿನಾಂವ ಫೋನ್ ಇಸ್ಕೊಂಡು ಹಚ್ಚಿದ. ಮೊದಲ ಪೈಪು ಬಂತು. ಆಮ್ಯಾಲೆ ನಾನು. ನೈಟಿ ಮ್ಯಾಲೆ ಟವೆಲ್ ಹೊತಗೊಂಡು, ಗಟಾರದ ಬಾಜೂಕ ಕುಕ್ಕರಗಾಲಿಲೆ ಕುಂತು, ತಂಬಿಗಿಲೆ ಬಕೀಟಿಗೆ ತುಂಬಾಕತ್ತೀನಿ, ಮ್ಯಾಲೆ "ಏ ಇನ್ನೊಂದ್ ಕೊಡಾ ತಾರೋ, ಎಲ್ಲಾ ಹೊಂಟೈತಿ" ಅಂತ ಒದರಾಕತ್ತೀನಿ. ಬಿಲ್ ತುಂಬಾಕ ಪಾಳಿ ಹಚ್ಚಿದ್ದ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು. ಆಂವಾ ಬಾಜೂ ಟೇಬಲ್ಲಿನಾಂವನ್ನೂ ಕರದು ಮತ್ತೊಮ್ಮೆ ಹಚ್ಚಿದ. ಮತ್ತೊಮ್ಮೆ! "ಕೊಡಾ ತಾರೋ" ಅಂತ ನಂದ ದನಿ. ಆಮ್ಯಾಲೆ ನನ್ನ ಮಾರಿ ನೋಡಿ ಅಂತಾನ, "ಅಕ್ಕಾರ, ನಿಮ್ಮ ಓಣಿಗೆ 24×7 ಬಂದಂಗಾತಲ್ರಿ, ಮತ್ಯಾಕ ಕಂಪ್ಲೇಂಟ್?"

ಎಲ್ಲಾರೂ ನಕ್ರು. ಪಾಳೇದಾಗ ನನ್ನ ಮಗನ ಸಾಲಿ ಮಾಸ್ತರ ಇದ್ರು, ಅವರೊಬ್ಬರು ನಗಲಿಲ್ಲ, ಮಾರಿ ಆ ಕಡೆ ತಿರಿವಿದ್ರು, ಅದು ಇನ್ನೂ ಚುಚ್ಚಿತು. ಮತ್ತ ನಾ ಏನ್ ಮಾಡಿದೆ ಗೊತ್ತೇನು? ನಾನೂ ಹಲ್ಲು ಕಿಸದು "ಹೌದ್ರಿ ಸಾಹೇಬ್ರ" ಅಂದೆ. ಸಾಹೇಬ್ರ ಅಂತ ಅವಗ! ವಾಪಸ್ ಬರೂಮುಂದ ಆಟೋದಾಗ ಎಂಥೆಂಥಾ ಉತ್ತರ ಹೊಳದ್ವು ಅಂದ್ರ, ಡ್ರೈವರ್ ಕನ್ನಡಿಯಾಗ ನನ್ನ ನೋಡಿದ, ಜೋರಾಗೇ ಅಂದಿದ್ದೆ ಅಂತ ಕಾಣಸ್ತೈತಿ.

24×7 ಅಂದ್ರ ಇವರಿಗೆ ಚ್ಯಾಷ್ಟಿ. 2008ರಾಗ ವರ್ಲ್ಡ್ ಬ್ಯಾಂಕ್ ರೊಕ್ಕದಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿ ಒಳಗ ಕೆಲವು ವಾರ್ಡಿಗೆ ಕೊಟ್ಟು ತೋರಿಸ್ಯಾರಲ್ಲ, ಪೈಪ್ ಹೊಸಾದು ಹಾಕಿ, ಮೀಟರ್ ಕೂಡಿಸಿ, ಲೀಕ್ ಬಂದ್ ಮಾಡಿ. ನಮ್ಮ ನೆಗೆಣ್ಣಿ ಮನಿ ಅಂಥಾ ವಾರ್ಡಿನಾಗ ಐತಿ, ಆಕಿ ನೀರು ತುಂಬಿಡೂದ ಮರತಾಳ, ಹೋದಾಗೊಮ್ಮೆ ನನ್ನ ಹೊಟ್ಟಿ ಉರೀತೈತಿ. ನಮಗ ಎಂಟ ದಿನಕ್ಕೊಮ್ಮೆ, ಅದೂ ವಾಲ್ವ್‌ಮನ್ ಮನಸು ಬಂದಾಗ, ನಡುರಾತ್ರಿ. ಮತ್ತ ಲೀಕ್ ಅಂದ್ರ ನೀರು ಹೊರಗ ಹೋಗೂದೊಂದ ಅಲ್ರಿ, ಬಂದ್ ಮಾಡಿದಾಗ ಪೈಪ್ ಖಾಲಿ ಆಗತೈತಿ, ಅದ ತೂತಿನಿಂದ ಗಟಾರದ ಹೊಲಸು ಒಳಗ ಎಳಕೊಂತೈತಿ, ಮುಂದಿನ ಸಲ ಮೊದಲ ಅದ ಬರತೈತಿ ನಳಕ್ಕ. ಅದಕ್ಕೂ ಮೊದಲ ಗಾಳಿ ಬರತೈತಿ, ಮೀಟರ್ ಗರಗರ ತಿರಗತೈತಿ, ಗಾಳಿಗೂ ಬಿಲ್ಲು. ಇದನ್ನೆಲ್ಲಾ ಹೇಳಾಕಂತ ಹೋದಾಕಿ "ಹೌದ್ರಿ ಸಾಹೇಬ್ರ" ಅಂದು ಬಂದೀನಿ.

ಮಹದಾಯಿ ನೀರು ಮಲಪ್ರಭಾಕ್ಕ ತರೂ ಕಳಸಾ-ಬಂಡೂರಿ ಯೋಜನೆ ಸಲುವಾಗಿ ಬಂದ್ ಮಾಡಿದಾಗ ನಾನೂ ರಸ್ತೆಕ್ಕ ಇಳದಾಕಿನ. 2018ರಾಗ ಮಹದಾಯಿ ನ್ಯಾಯಮಂಡಳಿ ಕಳಸಾ, ಬಂಡೂರಿ ಎರಡಕ್ಕೂ ಕೂಡಿ 3.9 ಟಿಎಂಸಿ ನೀರು ಅಂತು. ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನವಿಲುತೀರ್ಥ ಡ್ಯಾಮಿನಾಗಿನ ಮಲಪ್ರಭಾ ನೀರು ಕರೆಂಟ್ ಸುಟ್ಟು ಧಾರವಾಡ ಬಾಜೂಕಿನ ಅಮ್ಮಿನಭಾವಿಗೆ ತಂದು, ಸೋಸಿ, ಕ್ಲೋರಿನ್ ಹಾಕಿ, ಇಲ್ಲಿ ತನಕಾ ತಂದು ನಮ್ಮ ಮೂಲ್ಯಾಗ ಗಟಾರಕ್ಕ ಬಿಡತಾರಲ್ಲ, ನಾಳೆ ಮಹದಾಯಿ ನೀರೂ ಅದ ಗಟಾರಕ್ಕಲ್ಲೇನು? ಯಾರರ ಹೇಳ್ರಿ. ಈ ಗ್ರೂಪಿನಾಗ ಎಂಜಿನಿಯರ್ ಇದ್ದೀರಿ, ಕಾರ್ಪೊರೇಟರ್ ಕಡೆಯವರಿದ್ದೀರಿ, ದಿನಾ ಮುಂಜಾನೆ ಗುಡ್ ಮಾರ್ನಿಂಗ್ ಹೂವು ಕಳಸಾಕ ಬರತೈತಿ, ಇದಕ್ಕೊಂದು ಉತ್ತರ ಕೊಡಾಕ ಬರಂಗಿಲ್ಲ? ನೋಡಿ ಸುಮ್ನಿರಬ್ಯಾಡ್ರಿ, ನೀಲಿ ಟಿಕ್ ಕಾಣಸ್ತೈತಿ ನನಗ.

ಹೋಗ್ಲಿ ಬಿಡ್ರಿ. ಹರೀಲಿ, ನಮ್ಮಪ್ಪನ ಗಂಟೇನು ಹೋಗತೈತಿ. ಬಿಲ್ ಅಂತೂ ತುಂಬಂಗಿಲ್ಲ, ಇದು ಫಿಕ್ಸ್. ತುಂಬಲಿಲ್ಲಂದ್ರ ಕನೆಕ್ಷನ್ ಕಟ್ ಮಾಡತಾರಂತ ನಮ್ಮನಿಯವರು, ಅದಕ್ಕ ಸೋಮವಾರ ಅವರನ್ನ ಕಳಸ್ತೀನಿ, ನಾ ಆ ಕೌಂಟರ್ ಮುಂದ ಹೋಗಂಗಿಲ್ಲ.

ಇನ್ನೊಂದು. "ಸಾಹೇಬ್ರಿಗೆ ತೋರಸ್ಬೇಕು" ಅಂತ ಆಂವಾ ವಿಡಿಯೋ ತನ್ನ ವಾಟ್ಸಾಪಿಗೆ ಕಳಿಸ್ಕೊಂಡಾನ. ಯಾವ್ಯಾವ ಗ್ರೂಪಿನಾಗ ತಿರಗಾಕತ್ತೈತೋ. ನಿಮಗ ಬಂದ್ರ ದಯಮಾಡಿ ಡಿಲೀಟ್ ಮಾಡ್ರಿ. ಇಲ್ಲ, ಬ್ಯಾಡ ತಡೀರಿ, ಫಾರ್ವರ್ಡ್ ಮಾಡ್ರಿ, ಪೈಪರ ಯಾರದರ ಕಣ್ಣಿಗೆ ಬೀಳಲಿ. ನನ್ನ ಮಾರಿ ಅಷ್ಟ ಕ್ರಾಪ್ ಮಾಡ್ರಿ. ನೈಟಿನೂ.