ಸತ್ಯಾಂಶ: ಊರಲ್ಲಿ ಫೋಟೊ ತೆಗೆಯಲು ಪೊಲೀಸ್ ಪರವಾನಗಿ ಬೇಕೇ?

‘ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ ಫೋಟೊ ತೆಗೆದ್ರೂ ಪೊಲೀಸ್ ಪರವಾನಗಿ ಬೇಕು, ಇಲ್ಲಾಂದ್ರ ಮೊಬೈಲ್ ಜಪ್ತಿ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಜವಲ್ಲ. ಸಾರ್ವಜನಿಕ ರಸ್ತೆಯಲ್ಲಿ ನಿಂತು ಫೋಟೊ ತೆಗೆಯಲು ಪರವಾನಗಿ ಕೇಳುವ ಸಾಮಾನ್ಯ ಕಾನೂನೇ ಇಲ್ಲ.

ಗೊಂದಲ ಹುಟ್ಟುವುದು ಹುಬ್ಬಳ್ಳಿಯ ಉಣಕಲ್‌ನ ಚಂದ್ರಮೌಳೇಶ್ವರ ಗುಡಿಯಂಥ ಕಡೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮೊಬೈಲ್ ಕೈಯಲ್ಲಿ ಹಿಡಿದು ಹೊರಗೋಡೆಯ ಕೆತ್ತನೆ, ಕಂಬಗಳ ಫೋಟೊ ತೆಗೆಯಲು ಅಡ್ಡಿಯಿಲ್ಲ. ಇಂಥ ಸಂದೇಶಕ್ಕೆ ಹೆದರಿ ಕಾಲೇಜು ಹುಡುಗರು ಅಷ್ಟು ಚೆಂದದ ಗುಡಿಯನ್ನು ಚಿತ್ರಿಸದೆ ಮರಳಿದರೆ ನೋವಾಗುತ್ತದೆ. ಟ್ರೈಪಾಡ್, ಲೈಟು ಇಟ್ಟು ಸಿನಿಮಾ ಶೂಟಿಂಗ್ ಮಾಡುವವರಿಗೆ ಮಾತ್ರ ಮುಂಗಡ ಅನುಮತಿ ಬೇಕು. ಕೊಡುವುದು ಆ ಇಲಾಖೆ, ಪೊಲೀಸರಲ್ಲ.

ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಸಿನಿಮಾ ಶೂಟಿಂಗ್‌ಗೆ ರೈಲ್ವೆಯನ್ನು ಕೇಳಬೇಕು. ಡ್ರೋನ್‌ಗೆ 2021ರ ಪ್ರತ್ಯೇಕ ನಿಯಮಗಳಿವೆ. ವಿಮಾನ ನಿಲ್ದಾಣದ ಆಸುಪಾಸು ಅನುಮತಿಯಿಲ್ಲದೆ ಹಾರಿಸುವಂತಿಲ್ಲ.