ಸೈಬರ್ ಸೆಕ್ಯೂರಿಟಿ ಕಲೀಬೇಕಾ? ಜೆರಾಕ್ಸ್ ಅಂಗಡಿ ಸೇರಿಕೊಳ್ಳಿ

ಇಂಜಿನಿಯರಿಂಗ್ ಮುಗಿಸಿದ ಹುಡುಗರು ಆಗಾಗ ಬಂದು ಕೇಳುತ್ತಾರೆ, 'ಸಾರ್, ಸೈಬರ್ ಸೆಕ್ಯೂರಿಟಿಗೆ ಹೋಗಬೇಕು. ಯಾವ ಕೋರ್ಸ್ ಮಾಡಲಿ?' ಮುಂಚೆ ಲಿನಕ್ಸ್ ಕಲಿ, ನೆಟ್‌ವರ್ಕಿಂಗ್ ಗಟ್ಟಿ ಮಾಡ್ಕೋ ಅಂತೆಲ್ಲ ಹೇಳುತ್ತಿದ್ದೆ. ಈಗ ಹೇಳುವುದು ಒಂದೇ. ಸಬ್ ರಿಜಿಸ್ಟ್ರಾರ್ ಆಫೀಸ್ ಎದುರು ಒಂದು ಜೆರಾಕ್ಸ್ ಅಂಗಡಿ ನೋಡಿ ಸೇರಿಕೊಳ್ಳಪ್ಪ.

ಕಂಪನಿ ಸೇರುವುದು ಸುಲಭ ಅಲ್ಲ. ಜಾಹೀರಾತಿನಲ್ಲಿ 'ಫ್ರೆಶರ್ ಬೇಕು' ಅಂತಿರುತ್ತದೆ, ಕೆಳಗೆ 'ಸಿಐಎಸ್‌ಎಸ್‌ಪಿ ಇದ್ದವರಿಗೆ ಆದ್ಯತೆ'. ಸೆಕ್ಯೂರಿಟಿಯಲ್ಲಿ ಪಳಗಿದವರಿಗೆ ಕೊಡುವ ಆ ಸರ್ಟಿಫಿಕೇಟ್ ಸಿಗಬೇಕಾದರೆ ಐದು ವರ್ಷದ ಅನುಭವ ಬೇಕು, ಡಿಗ್ರಿ ಇದ್ದರೆ ಒಂದು ವರ್ಷ ಮಾಫಿ. ಮದುವೆ ಆಗೋ ತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ.

ಹೇಗೋ ಒಳಗೆ ಹೋದಿರಿ ಅನ್ನಿ. ಮೊದಲ ಕೆಲಸ, 90 ದಿನಕ್ಕೊಮ್ಮೆ ಎಲ್ಲರ ಪಾಸ್‌ವರ್ಡ್ ಬದಲಾಯಿಸಲು ಬೆನ್ನು ಹತ್ತುವುದು. ಹೀಗೆ ಸುಮ್ನೆ ಬದಲಾಯಿಸುವುದರಿಂದ ಲಾಭವಿಲ್ಲ, ಬಿಟ್ಟುಬಿಡಿ ಅಂತ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಹೇಳಿದರೇನಂತೆ? ಆಡಿಟರ್ ಪಟ್ಟಿಯಲ್ಲಿ ಆ ಸಾಲು ಇನ್ನೂ ಇದೆ. ಅದಕ್ಕೆ ಟಿಕ್ ಬೀಳಬೇಕು. ನೌಕರರೂ ಚುರುಕು. 'ಗಣೇಶ@7' ಇದ್ದದ್ದು 'ಗಣೇಶ@8' ಆಗುತ್ತದೆ.

ಈಗ ಜೆರಾಕ್ಸ್ ಅಂಗಡಿಗೆ ಬನ್ನಿ. ಅಲ್ಲಿರುವುದು ವಿಂಡೋಸ್ 7. ಮೈಕ್ರೋಸಾಫ್ಟ್ ಅದರ ಕೈಬಿಟ್ಟಿದ್ದು 2020ರ ಜನವರಿಯಲ್ಲಿ. ಆಂಟಿವೈರಸ್ ಅವಧಿ ಮುಗಿದಿದೆ ಅಂತ ಮೂಲೆಯಲ್ಲಿ ಕೆಂಪು ಡಬ್ಬಿ ಎದ್ದಾಗಲೆಲ್ಲ, ಮಾಲೀಕರು ಸೊಳ್ಳೆ ಹೊಡೆದಂತೆ ಅದನ್ನು ಮುಚ್ಚುತ್ತಾರೆ. ಮಾನಿಟರ್ ಮೇಲೆ ಆಯುಧ ಪೂಜೆಗೆ ಹಚ್ಚಿದ ವಿಭೂತಿ. ಇಡೀ ಅಂಗಡಿಗೆ ಅದೊಂದೇ ಫೈರ್‌ವಾಲ್.

ಹೆಂಗಸೊಬ್ಬರು ಆಧಾರ್ ಫೈಲನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದಕ್ಕೆ ಪಾಸ್‌ವರ್ಡ್ ಉಂಟು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ಇಸವಿ. ಇದು ಗುಟ್ಟೇನಲ್ಲ, ಎಲ್ಲರ ಫೈಲಿಗೂ ಇದೇ ಲೆಕ್ಕ ಅಂತ ಆಧಾರ್ ಕೊಡುವವರೇ ತಿಳಿಸಿರುತ್ತಾರೆ. ಹೆಸರು ವಾಟ್ಸಾಪಿನಲ್ಲೇ ಕಾಣುತ್ತಿದೆ. ಹಾಗಾಗಿ ಮಾಲೀಕರ ಪ್ರಶ್ನೆ ಒಂದೇ: 'ಯಾವ ಇಸವಿ ಹುಟ್ಟಿದ್ದಮ್ಮಾ?' 'ಅರವತ್ತೆರಡು!' ಕ್ಯೂನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಹ್ಯಾಕಿಂಗ್ ಮುಗಿಯಿತು. ಐದು ರೂಪಾಯಿ, ಕಲರ್ ಆದರೆ ಜಾಸ್ತಿ.

ಸರ್ಕಾರ ಎಚ್ಚರಿಸಿರಲಿಲ್ಲ ಅನ್ನಬೇಡಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಯಲ್ಲಿ ಡೌನ್‌ಲೋಡ್ ಮಾಡಬೇಡಿ. ಅಪರೂಪಕ್ಕೆ ಒಂದು ಒಳ್ಳೆ ಮಾತು. ಎರಡೇ ದಿನಕ್ಕೆ ದೆಹಲಿ ಅದನ್ನು ವಾಪಸ್ ಪಡೆಯಿತು. ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು, ಮಾಮೂಲಿ ಎಚ್ಚರ ಇದ್ದರೆ ಸಾಕು ಅಂತ. ಮಾಮೂಲಿ ಎಚ್ಚರ ಅಂದರೆ ಜೆರಾಕ್ಸ್ ಮಾಡಿಸಿದ ಮೇಲೆ ಒರಿಜಿನಲ್ ಮರೆಯದೆ ತಗೊಂಡು ಹೋಗೋದು ಅಲ್ವಾ?

ಕಂಪನಿಯಲ್ಲಿ ಸೆಕ್ಯೂರಿಟಿ ನೋಡಿಕೊಳ್ಳುವ ನಮಗಾದರೆ ಕಾನೂನು ಬಿಗಿ. ಡೇಟಾ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್‌ಗೆ ತಿಳಿಸಬೇಕು, ಸಿಸ್ಟಂನಲ್ಲಿ ಯಾರು ಏನು ಮಾಡಿದರು ಅನ್ನುವ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಈ ವಿಷಯದಲ್ಲಿ ಜೆರಾಕ್ಸ್ ಅಂಗಡಿ ನಮಗಿಂತ ಎಷ್ಟೋ ಮುಂದೆ. ಅಲ್ಲಿನ ಡೌನ್‌ಲೋಡ್ ಫೋಲ್ಡರ್ ಅಂಗಡಿ ಶುರುವಾದಾಗಿನಿಂದ ಖಾಲಿಯಾಗಿಲ್ಲ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಕ್ರಯಪತ್ರ, ಎಲ್ಲ ಅಲ್ಲೇ ಇವೆ. ಬ್ಯಾಕಪ್ ಕೂಡ ಉಂಟು. ಕೆಟ್ಟ ಪ್ರಿಂಟ್‌ಗಳೆಲ್ಲ ಸಂಜೆ ಪಕ್ಕದ ಬೋಂಡಾ ಗಾಡಿಗೆ ಹೋಗುತ್ತವೆ.

ಮೊನ್ನೆ ನನಗೆ ಬೋಂಡಾ ಕಟ್ಟಿಕೊಟ್ಟ ಹಾಳೆಯಲ್ಲಿ ಯಾರದೋ ಫೋಟೋ, ಮನೆ ವಿಳಾಸ, ಕೆಳಗೆ ಹನ್ನೆರಡು ಅಂಕಿ. ಪುಣ್ಯಕ್ಕೆ ಮೊದಲ ಎಂಟರ ಮೇಲೆ ಚಟ್ನಿ ಚೆಲ್ಲಿತ್ತು. ಮಾಸ್ಕ್ಡ್ ಆಧಾರ್.