ಹಳೆಯ ಕಾರಿನ ಸೀಟಿಗೆ ದಿಂಬು ಮದ್ದಲ್ಲ

ನನ್ನ ಎತ್ತರ 4 ಅಡಿ 11 ಇಂಚು. ನಾನು ಓಡಿಸುವುದು 1960ರ ದಶಕದ ಒಂದು ವೋಕ್ಸ್‌ವ್ಯಾಗನ್ ಬೀಟಲ್. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಸಿಗುವ ಸಲಹೆ ಒಂದೇ: "ಒಂದು ದಿಂಬು ಹಾಕಿಕೊಳ್ಳಿ ಮೇಡಂ." ಸೀಟು ಸರಿಪಡಿಸಿಕೊಡಿ ಎಂದು ಕಾರು ಬಿಟ್ಟುಬಂದ ಗ್ಯಾರೇಜಿನವರೂ ಅದನ್ನೇ ಹೇಳಿ ಕಳಿಸಿದರು. ಎರಡು ವರ್ಷ ನಾನು ಆ ಮಾತನ್ನು ನಂಬಿ, ದಿಂಬಿನ ಮೇಲೆ ಕುಳಿತು, ಪೆಡಲ್ ಸಿಗಲೆಂದು ಸೀಟಿನ ತುದಿಗೆ ಸರಿದು ಓಡಿಸಿದೆ. ಒಂದು ದಿನ ಜೋರಾಗಿ ಬ್ರೇಕ್ ಒತ್ತಬೇಕಾಗಿ ಬಂದಾಗ ನನ್ನ ಬೆನ್ನಿಗೂ ಸೀಟಿಗೂ ನಡುವೆ ಇದ್ದ ನಾಲ್ಕು ಬೆರಳಿನ ಜಾಗಕ್ಕೆ ದಿಂಬು ಸರ್ರನೆ ಜಾರಿತು. ಪೆಡಲ್ ಒಳಗೆ ಹೋಗುವ ಬದಲು ನಾನೇ ಹಿಂದಕ್ಕೆ ಹೋದೆ. ಕಾರು ನಿಂತಿತು, ಆದರೆ ನಿಲ್ಲಬೇಕಾದ ಜಾಗದಲ್ಲಲ್ಲ.

ಅಂದಿನ ಬಹಳಷ್ಟು ಕಾರುಗಳಂತೆ ಬೀಟಲ್‌ನಲ್ಲಿಯೂ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರ್ ಇಲ್ಲ. ಚಕ್ರವನ್ನು ನಿಲ್ಲಿಸುವ ಶಕ್ತಿಯೆಲ್ಲ ಕಾಲಿನಿಂದಲೇ ಬರಬೇಕು, ಕಾಲು ಒತ್ತಬೇಕಾದರೆ ಸೊಂಟಕ್ಕೂ ಬೆನ್ನಿಗೂ ಗಟ್ಟಿಯಾದ ಆಸರೆ ಬೇಕು. ಆದ್ದರಿಂದ ಕುಳ್ಳಗಿರುವವರು ಹಳೆಯ ಕಾರಿನ ಸೀಟನ್ನು ಹೊಂದಿಸುವಾಗ ರಸ್ತೆ ಕಾಣುತ್ತದೆಯೇ ಎಂಬ ಪ್ರಶ್ನೆಯಿಂದ ಶುರುಮಾಡಬಾರದು, ಪಾದದಿಂದ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆನ್ನು ಪೂರ್ತಿ ಸೀಟಿಗೆ ಒರಗಿರಬೇಕು, ಕ್ಲಚ್ಚನ್ನು ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲು ತುಸು ಬಾಗಿಯೇ ಇರಬೇಕು. ಅದಾದ ಮೇಲೆ ಕಣ್ಣಿನ ಎತ್ತರದ ಮಾತು.

ಬೀಟಲ್‌ನಲ್ಲಿ ಪಾದದ ಕಥೆಯೇ ಬೇರೆ. ಅದರ ಪೆಡಲ್‌ಗಳು ಮೇಲಿನಿಂದ ನೇತಾಡುವುದಿಲ್ಲ, ಅವುಗಳ ಕೀಲು ಇರುವುದು ನೆಲದಲ್ಲಿ. ಹಿಮ್ಮಡಿಯನ್ನು ನೆಲಕ್ಕೆ ಊರಿ ಒತ್ತುವಾಗ ನನ್ನಂತಹ ಸಣ್ಣ ಪಾದದವರ ಬೆರಳ ಬುಡ ಪೆಡಲಿನ ಕೆಳಭಾಗಕ್ಕೆ, ಅಂದರೆ ಕೀಲಿನ ಸಮೀಪಕ್ಕೆ ತಾಗುತ್ತದೆ. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳದೆ ಕೀಲಿನ ಪಕ್ಕದಲ್ಲಿ ತಳ್ಳಿದರೆ ಎಷ್ಟು ಭಾರವೋ ಇದೂ ಅಷ್ಟೇ. ಕಾಲಿನಲ್ಲಿ ಬಲವಿಲ್ಲ ಎಂದು ನಾನು ಅಷ್ಟು ದಿನ ನನ್ನನ್ನೇ ಹಳಿದುಕೊಂಡಿದ್ದೆ. ಹಿಮ್ಮಡಿ ಊರುವ ಜಾಗಕ್ಕೆ ಒಂದು ಇಂಚು ದಪ್ಪದ ಹಲಗೆಯನ್ನು ಅಲುಗಾಡದಂತೆ, ಪೆಡಲಿನ ಚಲನೆಗೆ ಅಡ್ಡಬಾರದಂತೆ ಕೂರಿಸಿದ ಮೇಲೆ ಅದೇ ಕ್ಲಚ್ ಬೇರೆ ಕಾರಿನದೇನೋ ಎನ್ನುವಷ್ಟು ಹಗುರವಾಯಿತು.

ಎತ್ತರದ ವಿಷಯದಲ್ಲಿ ಹೆಚ್ಚಿನವರು ಮರೆಯುವುದೊಂದಿದೆ: ಹಳೆಯ ಸೀಟು ತನ್ನ ಮೂಲ ಎತ್ತರದಲ್ಲಿ ಉಳಿದಿರುವುದೇ ಇಲ್ಲ. ನನ್ನ ಸೀಟಿನ ಹೊದಿಕೆ ಬಿಚ್ಚಿದಾಗ ಒಳಗಿನ ನಾರಿನ ಮೆತ್ತೆ ಕಂದು ಪುಡಿಯಾಗಿ ಉದುರಿತು, ಎರಡು ಸ್ಪ್ರಿಂಗುಗಳು ಮುರಿದು ಬಾಗಿದ್ದವು. ಎಂಜಿಬಿಯಂತಹ (ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು) ಕಾರುಗಳಲ್ಲಿ ಸೀಟಿನ ಅಡಿಯಲ್ಲಿ ಬಿಗಿದಿರುವ ರಬ್ಬರ್ ಪಟ್ಟಿಗಳು ಕಾಲಕ್ರಮೇಣ ಜೋತುಬೀಳುತ್ತವೆ. ಸ್ಪ್ರಿಂಗ್ ಬದಲಿಸಿ, ಹೊಸ ಮೆತ್ತೆ ಹಾಕಿ, ಅದರ ಮೇಲೆ ಗಡುಸಾದ ಫೋಮಿನ ಒಂದು ಪದರವನ್ನು ಕೂಡಿಸಿದ್ದರಿಂದ ನಾನು ಸುಮಾರು ಎರಡು ಇಂಚು ಮೇಲೆ ಬಂದೆ. ಮೃದುವಾದ ಫೋಮ್ ಬೇಡ, ಕುಳಿತ ಹತ್ತು ನಿಮಿಷಕ್ಕೆ ಅದು ಚಪ್ಪಟೆಯಾಗುತ್ತದೆ.

ಬೀಟಲ್‌ನಲ್ಲಿ ಸೀಟು ಜಾರುವ ಹಳಿಗಳು ನೆಲಕ್ಕೆ ಬೆಸೆದಿರುವುದರಿಂದ ಬೇರೆ ದಾರಿಯಿರಲಿಲ್ಲ. ಹಳಿಗಳನ್ನು ಬೋಲ್ಟ್‌ನಿಂದ ಬಿಗಿದಿರುವ ಕಾರುಗಳಲ್ಲಿ ಕೆಳಗೆ ಗಟ್ಟಿಯಾದ ಪಟ್ಟಿಗಳನ್ನಿಟ್ಟು, ಅಷ್ಟೇ ಉದ್ದ ಹೆಚ್ಚಿರುವ ಒಳ್ಳೆಯ ದರ್ಜೆಯ ಬೋಲ್ಟ್ ಹಾಕಬಹುದು. ಎಂಜಿಬಿಯಲ್ಲಂತೂ ಕಾರ್ಖಾನೆಯವರೇ ಹಳಿಗಳ ಕೆಳಗೆ ಮರದ ಪಟ್ಟಿ ಇಟ್ಟಿದ್ದರು. ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತರ ಮಾಡುವುದು ಮಾತ್ರ ಬೇಡವೇ ಬೇಡ. ಬೋಲ್ಟ್ ಸುತ್ತಲಿನ ತಗಡು ತುಕ್ಕು ಹಿಡಿದಿದ್ದರೆ ಮೊದಲು ಅದರ ರಿಪೇರಿಯಾಗಲಿ. ಸೀಟು ಮೇಲೇರಿದಷ್ಟೂ ಪೆಡಲ್ ದೂರವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಎತ್ತರಿಸಿದ ಮೇಲೆ ಮುಂದಕ್ಕೂ ಸರಿಸಲೇಬೇಕಾಗುತ್ತದೆ. ಸೀಟಿನ ಮುಂಭಾಗವನ್ನಷ್ಟೇ ಎತ್ತಿದರೆ ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಆದರೆ ಮುಂದಕ್ಕೆ ಎಷ್ಟು? ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಎದೆಗೂ ಸ್ಟೀರಿಂಗಿಗೂ ಕನಿಷ್ಠ 10 ಇಂಚು ಅಂತರವಿರಲಿ ಎನ್ನುತ್ತಾರೆ. ಹಳೆಯ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲವೆಂದು ಇನ್ನೂ ಹತ್ತಿರ ಕೂರಬಹುದು ಎಂದುಕೊಂಡರೆ ಕೆಟ್ಟೆವು. ಅಪಘಾತದಲ್ಲಿ ಕುಸಿದು ಹೊಡೆತವನ್ನು ನುಂಗುವ ಸ್ಟೀರಿಂಗ್ ಕಂಬವನ್ನು ಜನರಲ್ ಮೋಟರ್ಸ್ ತನ್ನ ಕಾರುಗಳಿಗೆ ಹಾಕಿದ್ದು 1967ರ ಮಾದರಿಗಳಿಂದ. ಅದಕ್ಕೂ ಹಿಂದಿನ ಹೆಚ್ಚಿನ ಕಾರುಗಳಲ್ಲಿ ಎದೆಯ ಎದುರಿಗೆ ಇರುವುದು ಬಾಗದ ಕಬ್ಬಿಣದ ಸಲಾಕೆ. ಆ 10 ಇಂಚು ಉಳಿಸಿಕೊಳ್ಳಲಾಗದಿದ್ದರೆ ದೇಹವನ್ನು ಪೆಡಲಿನ ಕಡೆಗೆ ಒಯ್ಯುವ ಬದಲು ಪೆಡಲನ್ನೇ ದೇಹದ ಕಡೆಗೆ ತರುವುದು ಮೇಲು, ಪೆಡಲಿನ ಮುಖಕ್ಕೆ ಬೋಲ್ಟ್ ಹಾಕಿ ಬಿಗಿದು ಅದನ್ನು ದಪ್ಪವಾಗಿಸುವ ಪೆಡಲ್ ಬ್ಲಾಕ್‌ಗಳು ಇರುವುದು ಅದಕ್ಕೇ.

ಸೀಟ್ ಬೆಲ್ಟನ್ನು ಕೊನೆಗೆ ನೋಡಬೇಕು, ಸೀಟು ಒಂದೇ ಜಾಗದಲ್ಲಿ ನಿಂತ ಮೇಲೆ. ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಬೆಲ್ಟನ್ನು ಹಳೆಯ ಕಾರಿಗೆ ಆಮೇಲೆ ಹಾಕಿಸಿಕೊಂಡವರು ಬಹಳ ಮಂದಿ ಇದ್ದಾರೆ, ನಾನೂ ಹಾಕಿಸಿಕೊಂಡೆ. ಅದರ ಕೊಂಡಿಗಳು ಕಾರಿನ ಚೌಕಟ್ಟಿನಲ್ಲಿ ಉಳಿದು ಸೀಟು ಮಾತ್ರ ಮೇಲೇರಿದಾಗ ಪಟ್ಟಿಯ ಓರೆ ಬದಲಾಗುತ್ತದೆ. ಕೆಳಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಗಳ ಮೇಲೆ ಕೂರಬೇಕು. ದಿಂಬಿನ ದಿನಗಳಲ್ಲಿ ಅದು ಒಮ್ಮೆಯೂ ಸರಿಯಾದ ಜಾಗದಲ್ಲಿ ನಿಂತದ್ದಿಲ್ಲ. ಈಗ ನಿಲ್ಲುತ್ತದೆ. ಮೇಲಿನ ಪಟ್ಟಿ ಇನ್ನೂ ಕುತ್ತಿಗೆಯನ್ನು ಉಜ್ಜುತ್ತಿದೆ, ಬಾಗಿಲ ಪಕ್ಕದ ಕಂಬದಲ್ಲಿರುವ ಅದರ ಕೊಂಡಿಯನ್ನು ಕೆಳಗಿಳಿಸುವುದಕ್ಕೆ ಅಲ್ಲಿಯ ತಗಡು ತಡೆಯುತ್ತದೆಯೇ ಎಂದು ತಿಳಿದವರಿಂದ ನೋಡಿಸುವುದೊಂದು ಬಾಕಿಯಿದೆ.